ತಲೆಗೆ ಪೆಟ್ಟಾದವರು ಮನೆಗೆ ಬಂದ ಮೇಲೆ ಮನೆಯವರು ಮಾಡಬೇಕಾದದ್ದು

ಅಣ್ಣ ಅಡಿಕೆ ಮರದಿಂದ ಬಿದ್ದದ್ದು ಜೂನ್ ತಿಂಗಳಲ್ಲಿ, ಕೊಳೆರೋಗಕ್ಕೆ ಮದ್ದು ಬಿಡುವಾಗ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತೋಟದಿಂದ ಮಂಗಳೂರಿನ ಆಸ್ಪತ್ರೆಗೆ ಮುಟ್ಟುವಾಗ ಸಂಜೆಯಾಗಿತ್ತು. ಹನ್ನೊಂದು ದಿನ ಐಸಿಯು, ಮತ್ತೆ ಎರಡು ವಾರ ವಾರ್ಡು. ಮನೆಗೆ ಬರುವಾಗ ನಡೆಯುತ್ತಿದ್ದ, ಮಾತಾಡುತ್ತಿದ್ದ, ಕೈಯಾರೆ ಊಟ ಮಾಡುತ್ತಿದ್ದ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಹುಷಾರಾದನಲ್ಲ, ಇನ್ನೆಂತ ಹೆದರಿಕೆ?"

ಹುಷಾರು ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ ಉಂಟು. ಕಾಯಿಲೆ ವಾಸಿಯಾಗುವುದೂ ಹುಷಾರು, ಚುರುಕಾಗಿ ಎಚ್ಚರದಿಂದ ಇರುವುದೂ ಹುಷಾರು. ತಲೆಗೆ ಪೆಟ್ಟಾದವರಿಗೆ ಮೊದಲನೆಯದು ಬೇಗ ಬರುತ್ತದೆ. ಎರಡನೆಯದು ಬರಲು ತಿಂಗಳುಗಳು, ಕೆಲವರಿಗೆ ವರ್ಷಗಳು ಬೇಕು. ಈ ನಡುವಿನ ಕಾಲದಲ್ಲೇ ಮನೆಯವರು ತಪ್ಪು ಮಾಡುವುದು. ನಾವೂ ಮಾಡಿದೆವು. ಅಣ್ಣ ರೇಗಿದಾಗ ಸೊಕ್ಕು ಅಂದೆವು, ಜಗಲಿಯಲ್ಲಿ ಸುಮ್ನೆ ಕೂತಾಗ ಸೋಮಾರಿತನ ಅಂದೆವು, ಹೇಳಿದ್ದನ್ನು ಮರೆತಾಗ ನಾಟಕ ಅಂದೆವು. ಮೂರೂ ಪೆಟ್ಟಿನಿಂದಲೇ ಬಂದದ್ದು ಅಂತ ಗೊತ್ತಾಗಲು ನಮಗೆ ಐದು ತಿಂಗಳು ಬೇಕಾಯಿತು. ನಿಮಗೆ ಅಷ್ಟು ದಿನ ಹೋಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಡಾಕ್ಟರುಗಳನ್ನು ಕೇಳಿ ಕೇಳಿ ಕಲಿತದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಎರಡೂ ಇದರಲ್ಲಿ ಉಂಟು.

ಪೆಟ್ಟು ಎಲ್ಲಿಗೆ ಆಗಿದೆ ಅಂತ ತಿಳಿದುಕೊಳ್ಳಿ

ಮಿದುಳು ಮೆತ್ತಗಿನ ವಸ್ತು, ಬುರುಡೆಯ ಒಳಗೆ ನೀರಿನಲ್ಲಿ ತೇಲಿದ ಹಾಗೆ ಇರುತ್ತದೆ. ಮರದಿಂದ ಬಿದ್ದಾಗಲೋ ಬೈಕಿನಿಂದ ಎಸೆಯಲ್ಪಟ್ಟಾಗಲೋ ತಲೆ ಗಕ್ಕನೆ ನಿಲ್ಲುತ್ತದೆ. ಒಳಗಿನ ಮಿದುಳು ನಿಲ್ಲುವುದಿಲ್ಲ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೋಗಿ ಬಡಿಯುತ್ತದೆ. ಹಣೆಯ ಹಿಂದೆ ಮತ್ತು ಕಿವಿಯ ಪಕ್ಕದಲ್ಲಿ ಬುರುಡೆಯ ಒಳಮೈ ಏರುತಗ್ಗಾಗಿ ಒರಟಾಗಿರುತ್ತದೆ. ಹಾಗಾಗಿ ಹಿಂದಲೆ ನೆಲಕ್ಕೆ ಬಡಿದರೂ ಜಾಸ್ತಿ ಜಖಂ ಆಗುವುದು ಮುಂಭಾಗಕ್ಕೆ ಮತ್ತು ಪಕ್ಕದ ಭಾಗಕ್ಕೆ. ಸಿಟ್ಟು ತಡೆಯುವುದು, ಮುಂದಿನದನ್ನು ಯೋಚಿಸುವುದು, ಒಂದು ಕೆಲಸವನ್ನು ತಾನಾಗಿ ಶುರು ಮಾಡುವುದು, ಯಾರ ಮುಂದೆ ಏನು ಮಾತಾಡಬಾರದು ಅಂತ ತಿಳಿಯುವುದು, ಇದೆಲ್ಲ ಮುಂಭಾಗದ ಕೆಲಸ. ಹೊಸ ನೆನಪು ಕೂಡಿಡುವುದು ಪಕ್ಕದ ಭಾಗದ್ದು. ಕೈಕಾಲು ಆಡಿಸುವ ಜಾಗ ಬೇರೆ. ಅದಕ್ಕೇ ನಡೆಯಲು ಏನೂ ತೊಂದರೆ ಇಲ್ಲದವನು ಗುಣದಲ್ಲಿ ಬೇರೆಯವನಾಗಿ ಮನೆಗೆ ಬರುವುದು.

ಇನ್ನೊಂದು ಉಂಟು. ತಲೆ ಗಿರಕ್ಕನೆ ತಿರುಗಿದಾಗ ಒಳಗಿನ ನೂಲಿನಂಥ ನರದ ಎಳೆಗಳು ಜಗ್ಗಿ ಕೆಡುತ್ತವೆ. ಇದು ಸಿಟಿ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. "ಸ್ಕ್ಯಾನ್ ನಾರ್ಮಲ್ ಉಂಟಲ್ಲ, ಮತ್ತೆ ಯಾಕೆ ಹೀಗೆ ಮಾಡ್ತಾನೆ?" ಅಂತ ಯಾರಾದರೂ ಕೇಳಿದರೆ ಇದೇ ಉತ್ತರ.

ಆಸ್ಪತ್ರೆಯಿಂದ ಬರುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಜಿಸಿಎಸ್ ಅನ್ನುವ ಸಂಖ್ಯೆ ನೋಡಿ, ಪ್ರಜ್ಞೆ ಎಷ್ಟಿತ್ತು ಅಂತ ಅಳೆಯುವ ಲೆಕ್ಕ ಅದು. 3ರಿಂದ 15ರ ತನಕ ಇರುತ್ತದೆ. 13ರಿಂದ 15 ಇದ್ದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಅಂದರೆ ಜೋರಾದ ಪೆಟ್ಟು. ಅದಕ್ಕಿಂತಲೂ ಉಪಯೋಗದ ಲೆಕ್ಕ ಒಂದನ್ನು ಮನೆಯವರೇ ಇಡಬಹುದು. ಬಿದ್ದ ಗಳಿಗೆಯಿಂದ ಹಿಡಿದು, ನೆನ್ನೆ ಆದದ್ದು ಇವತ್ತು ನೆನಪಿರುವ ಸ್ಥಿತಿ ಬಿಟ್ಟೂಬಿಡದೆ ಶುರುವಾಗುವ ತನಕ ಎಷ್ಟು ದಿನ ಹಿಡಿಯಿತು? ಒಂದು ದಿನದ ಒಳಗೆ ಬಂದರೆ ಒಳ್ಳೆಯದು. ಒಂದು ವಾರ ದಾಟಿದರೆ ಪೆಟ್ಟು ಜೋರಾಗಿಯೇ ಆಗಿದೆ, ನಿಧಾನಕ್ಕೆ ತಯಾರಾಗಿ. ಅಣ್ಣನಿಗೆ ಹದಿನೆಂಟು ದಿನ ಬೇಕಾಯಿತು. ಆ ದಿನ ಬೆಳಿಗ್ಗೆ ಅವನಾಗಿಯೇ "ನಿನ್ನೆ ಮಾವ ಬಂದಿದ್ದರಲ್ವಾ?" ಅಂತ ಕೇಳಿದ. ಅತ್ತಿಗೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿದರು. ಮುಂದೆ ಪ್ರತಿ ಡಾಕ್ಟರೂ ಕೇಳಿದ್ದು ಅದನ್ನೇ.

ಗಲಿಬಿಲಿಯ ದಿನಗಳು

ಪ್ರಜ್ಞೆ ಬಂದ ಮೇಲೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ, ಅವರು ಎಲ್ಲಿದ್ದೇನೆ ಅಂತ ತಿಳಿಯದೆ ಒದ್ದಾಡುತ್ತಾರೆ. ಟ್ಯೂಬ್ ಎಳೆಯುತ್ತಾರೆ, ಬೈಯುತ್ತಾರೆ, ರಾತ್ರಿ ಎದ್ದು ಹೊರಡುತ್ತಾರೆ. ಇಲ್ಲದ ಸಂಗತಿ ಹೇಳುತ್ತಾರೆ. ಅಣ್ಣ ವಾರ್ಡಿನಲ್ಲಿ ಮಲಗಿಕೊಂಡೇ, ಬೆಳಿಗ್ಗೆ ಕುಂಬಳೆಗೆ ಹೋಗಿ ಅಡಿಕೆ ಮಾರಿ ಬಂದೆ ಅಂತ ರೇಟು ಸಮೇತ ಹೇಳುತ್ತಿದ್ದ. ಅದು ಸುಳ್ಳಲ್ಲ. ನೆನಪಿನಲ್ಲಿ ಆದ ತೂತನ್ನು ಮಿದುಳು ಹಳೆಯ ನೆನಪಿನ ತುಂಡುಗಳಿಂದ ಮುಚ್ಚುತ್ತದೆ, ಹೇಳುವವನಿಗೆ ಅದು ನಿಜವೇ.

ಈಗ ಮಾಡಬೇಕಾದದ್ದು ಕಡಿಮೆ, ಆದರೆ ಅದನ್ನು ಗಟ್ಟಿಯಾಗಿ ಮಾಡಬೇಕು. ನೋಡಲು ಬರುವವರನ್ನು ತಡೆಯಿರಿ. ನಮ್ಮ ಕಡೆ ಇದು ಕಷ್ಟ, ನೆಂಟರಿಗೆ ಬರಬೇಡಿ ಅನ್ನುವುದು ಹೇಗೆ ಅಲ್ವಾ? ಆದರೂ ಹೇಳಬೇಕು. ಒಂದು ಹೊತ್ತಿಗೆ ಒಬ್ಬರು, ಹತ್ತು ನಿಮಿಷ, ಅಷ್ಟೇ. "ನಾನು ಯಾರು ಹೇಳು ನೋಡುವ" ಅನ್ನುವ ಪರೀಕ್ಷೆ ಯಾರೂ ಮಾಡಬಾರದು. ನೀವೇ ಹೇಳಿಬಿಡಿ: "ನಾನು ನಿನ್ನ ತಂಗಿ. ನೀನು ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದಿ. ಮರದಿಂದ ಬಿದ್ದದ್ದು." ದಿನಕ್ಕೆ ಇಪ್ಪತ್ತು ಸಲ ಹೇಳಬೇಕಾದರೂ ಅದೇ ದನಿಯಲ್ಲಿ ಹೇಳಿ. ಟಿವಿ ಬೇಡ. ಹಗಲು ಬೆಳಕು, ರಾತ್ರಿ ಕತ್ತಲೆ. ಕುಂಬಳೆಯ ಕಥೆ ಹೇಳಿದರೆ ವಾದ ಮಾಡಬೇಡಿ, ಹೌದು ಅಂತ ತಾಳ ಹಾಕಲೂ ಬೇಡಿ, ಬೇರೆ ಮಾತಿಗೆ ತಿರುಗಿಸಿ.

ಪರೀಕ್ಷೆ ಯಾವ ಭಾಷೆಯಲ್ಲಿ ಆಗುತ್ತಿದೆ ಅಂತ ನೋಡಿ

ಇದನ್ನು ಬೇರೆಲ್ಲೂ ಯಾರೂ ನಮಗೆ ಹೇಳಲಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ನಮ್ಮ ಕಾಸರಗೋಡಿನವರ ತಲೆಯಲ್ಲಿ ಭಾಷೆಗಳು ಬೇರೆ ಬೇರೆ ಕೋಣೆಯಲ್ಲಿ ಇರುತ್ತವೆ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮರಾಠಿಯೋ. ಶಾಲೆ ಕಲಿತದ್ದು ಕನ್ನಡದಲ್ಲಿ. ಬಸ್ಸಿನಲ್ಲಿ, ವಿಲೇಜ್ ಆಫೀಸಿನಲ್ಲಿ ಮಲಯಾಳ. ಅಣ್ಣ ಮಲಯಾಳ ಚೆನ್ನಾಗಿಯೇ ಮಾತಾಡುತ್ತಾನೆ, ಆದರೆ ಲೆಕ್ಕ ಮಾಡುವುದು, ಓದುವುದು, ಯೋಚಿಸುವುದು ಎಲ್ಲ ಕನ್ನಡದಲ್ಲಿ. ಮೂರನೇ ತಿಂಗಳಲ್ಲಿ ಒಂದು ಕಡೆ ಅವನ ನೆನಪು ಮತ್ತು ಗಮನದ ಪರೀಕ್ಷೆ ಮಾಡಿದರು, ಪೂರ್ತಿ ಮಲಯಾಳದಲ್ಲಿ. ಐದು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳುವುದು, ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಹೇಳಿಸುವುದು, ನೂರರಿಂದ ಏಳೇಳು ಕಳೆಯುವುದು, ಹೀಗೆ. ಮಾರ್ಕು ತೀರಾ ಕೆಳಗೆ ಬಂತು. ಅತ್ತಿಗೆ ಆ ಕಾಗದ ಹಿಡಿದು ದಾರಿಯುದ್ದಕ್ಕೂ ಅತ್ತರು. ಎರಡು ತಿಂಗಳ ನಂತರ ಬೇರೆ ಕಡೆ ಕನ್ನಡದಲ್ಲಿ ಪರೀಕ್ಷೆ ಆಯಿತು. ನೆನಪಿನ ಭಾಗ ಆಗಲೂ ಕಡಿಮೆಯೇ ಇತ್ತು, ಆದರೆ ಉಳಿದದ್ದೆಲ್ಲ ಎಷ್ಟೋ ಮೇಲೆ. ಅವನ ಕಷ್ಟ ಎಲ್ಲಿ ಉಂಟು, ಎಲ್ಲಿ ಇಲ್ಲ ಅಂತ ಆವತ್ತು ನಮಗೆ ಸರಿಯಾಗಿ ಗೊತ್ತಾಯಿತು.

ಆದ್ದರಿಂದ ಮೊದಲ ಮಾತೇ ಇದಾಗಲಿ: "ಇವರು ಶಾಲೆ ಕಲಿತದ್ದು ಕನ್ನಡದಲ್ಲಿ, ಹತ್ತನೇ ತನಕ. ಪರೀಕ್ಷೆ ಕನ್ನಡದಲ್ಲಿ ಮಾಡಬಹುದಾ?" ಎಷ್ಟನೇ ಕ್ಲಾಸಿನ ತನಕ ಅಂತಲೂ ಹೇಳಲೇಬೇಕು, ಮಾರ್ಕನ್ನು ಅಳೆಯುವುದು ಅದರ ಮೇಲೆ. ಮೋಕಾ ಅನ್ನುವ ಸಣ್ಣ ಪರೀಕ್ಷೆಗೆ ಕನ್ನಡದ ರೂಪ ಉಂಟು. ವಿವರವಾದ ಪರೀಕ್ಷೆಗೆ ಮಂಗಳೂರಿನ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಗುತ್ತಾರಾ ಅಂತ ವಿಚಾರಿಸಿ, ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್. ಬೇರೆ ದಾರಿ ಇಲ್ಲದೆ ನೀವೇ ಮಧ್ಯದಲ್ಲಿ ನಿಂತು ಹೇಳಬೇಕಾಗಿ ಬಂದರೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ. ಒಡೆದ ವಾಕ್ಯವನ್ನು ಜೋಡಿಸಿ ಚಂದ ಮಾಡಿ ಹೇಳಬೇಡಿ. ಪ್ರೀತಿಯಿಂದ ನಾವು ಮಾಡುವ ಈ ರಿಪೇರಿಯಿಂದ ಡಾಕ್ಟರಿಗೆ ಕಾಯಿಲೆಯೇ ಕಾಣದೆ ಹೋಗುತ್ತದೆ.

ಮರೆವಿಗೆ ಪುಸ್ತಕ

ಹಳೆಯದು ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ. ಅಣ್ಣ ಚಿಕ್ಕಂದಿನಲ್ಲಿ ಕೇಳಿದ ಯಕ್ಷಗಾನದ ಪದ್ಯಗಳನ್ನು ಒಂದಕ್ಷರ ತಪ್ಪದೆ ಹೇಳುತ್ತಾನೆ, ಬೆಳಿಗ್ಗೆ ತಿಂದದ್ದು ದೋಸೆಯಾ ಗಂಜಿಯಾ ಅಂತ ಗೊತ್ತಿಲ್ಲ. ಊರವರಿಗೆ ಇದನ್ನು ನಂಬುವುದು ಕಷ್ಟ. "ಅಷ್ಟು ಪದ್ಯ ನೆನಪುಂಟು, ನನ್ನ ಸಾಲ ಮಾತ್ರ ನೆನಪಿಲ್ವಾ" ಅಂತ ಒಬ್ಬರು ಕೇಳಿಯೇ ಬಿಟ್ಟರು.

ಒಂದು ಗಟ್ಟಿ ರಟ್ಟಿನ ಪುಸ್ತಕ ತನ್ನಿ. ಒಂದೇ ಪುಸ್ತಕ, ಒಂದೇ ಜಾಗ. ನಮ್ಮದು ಜಗಲಿಯ ಕಂಬಕ್ಕೆ ಹಗ್ಗದಲ್ಲಿ ಕಟ್ಟಿ ಉಂಟು. ಬಲಪುಟದಲ್ಲಿ ಇವತ್ತು ಮಾಡಬೇಕಾದದ್ದು, ಎಡಪುಟದಲ್ಲಿ ಆದದ್ದು. ಬರೆಯುವುದು ಅವರೇ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ. ಏನಾದರೂ ಕೇಳಿದರೆ ಉತ್ತರ ಹೇಳುವ ಬದಲು "ಪುಸ್ತಕ ನೋಡಣ್ಣ" ಅನ್ನಿ. ಮೊದಲ ತಿಂಗಳು ಅವನಿಗೆ ಪುಸ್ತಕ ಇದೆ ಅನ್ನುವುದೇ ಮರೆಯುತ್ತಿತ್ತು. ಫೋನಿನಲ್ಲಿ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 1ಕ್ಕೆ, ರಾತ್ರಿ 8ಕ್ಕೆ ಅಲಾರಂ ಇಟ್ಟೆವು, ಅಲಾರಂ ಆದ ಕೂಡಲೆ ಪುಸ್ತಕ. ಆರು ವಾರದಲ್ಲಿ ಕೈ ತಾನಾಗಿ ಹೋಗಲು ಶುರುವಾಯಿತು. ಮಾತ್ರೆಗೆ ವಾರದ ಏಳು ಖಾನೆಯ ಡಬ್ಬ. ಕಪಾಟುಗಳ ಮೇಲೆ ಒಳಗೇನಿದೆ ಅಂತ ಚೀಟಿ.

ಹೊಸ ಕೆಲಸ ಕಲಿಸುವಾಗ ತಪ್ಪು ಮಾಡಿ ಕಲಿಯಲಿ ಅಂತ ಬಿಡಬೇಡಿ. ಬೇರೆಯವರಿಗೆ ಅದು ಸರಿ. ಇವರಿಗೆ ಮಾಡಿದ ತಪ್ಪೇ ಕೈಯಲ್ಲಿ ಕೂತುಬಿಡುತ್ತದೆ, ಯಾಕೆಂದರೆ ತಪ್ಪು ಮಾಡಿದೆ ಅನ್ನುವುದು ನೆನಪಿರುವುದಿಲ್ಲ. ಕೈ ಹಿಡಿದು ಸರಿಯಾದದ್ದನ್ನೇ ಮಾಡಿಸಿ, ಮತ್ತೆ ಮತ್ತೆ. ಆಮೇಲೆ ನಿಮ್ಮ ಸಹಾಯ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ.

ದಿನಚರಿ ಬದಲಾಗಬಾರದು. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಫಿನಿಯಸ್ ಗೇಜ್ ಅನ್ನುವ ರೈಲ್ವೆ ಕೆಲಸಗಾರನ ಕೆನ್ನೆಯಿಂದ ಹೊಕ್ಕ ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ನೆತ್ತಿಯಲ್ಲಿ ಹೊರಬಂತು. ಬದುಕಿದ, ನಡೆದ, ಮಾತಾಡಿದ. ಆದರೆ ಇವನು ಹಿಂದಿನ ಗೇಜ್ ಅಲ್ಲ ಅಂತ ಅವನ ಗೆಳೆಯರು ಹೇಳಿದ್ದನ್ನು ಅವನ ಡಾಕ್ಟರು ಬರೆದಿಟ್ಟರು. ಪುಸ್ತಕಗಳಲ್ಲಿ ಜಾಸ್ತಿಯಾಗಿ ಕಥೆ ಅಲ್ಲಿಗೇ ಮುಗಿಯುತ್ತದೆ. ನನಗೆ ಧೈರ್ಯ ಕೊಟ್ಟದ್ದು ಅದರ ನಂತರದ್ದು. ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಳ ಕಾಲ ಕುದುರೆ ಗಾಡಿ ಓಡಿಸಿದ. ದಿನಾ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆ ಕಟ್ಟುವುದು, ಅದೇ ದಾರಿ. ಆ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ಎತ್ತಿ ನಿಲ್ಲಿಸಿರಬೇಕು ಅಂತ ಈಗ ಅಧ್ಯಯನ ಮಾಡುವವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಕುದುರೆ ಗಾಡಿಯ ಜಾಗದಲ್ಲಿ ಹಟ್ಟಿ ಕೆಲಸ ಬಂತು. ಬೆಳಿಗ್ಗೆ ಆರಕ್ಕೆ ದನಕ್ಕೆ ಹುಲ್ಲು, ಆರೂವರೆಗೆ ಚಹಾ. ಮದುವೆ ಮನೆಗೆ ಹೋಗಬೇಕಾದ ದಿನವೂ ಇದು ತಪ್ಪುವುದಿಲ್ಲ.

ಸಿಟ್ಟು

ಮನೆ ಒಡೆಯುವುದು ಇದರಿಂದಲೇ. ಮರೆವನ್ನು ಸಹಿಸಬಹುದು. ನಿನ್ನೆಯ ತನಕ ದನಿ ಏರಿಸದಿದ್ದವನು ಮಕ್ಕಳ ಮೇಲೆ ತಟ್ಟೆ ಎಸೆದರೆ ಸಹಿಸುವುದು ಕಷ್ಟ.

ಒಂದು ವಾರ ಬರೆದಿಡಿ: ಎಷ್ಟು ಗಂಟೆಗೆ ಸಿಟ್ಟು ಬಂತು, ಅದಕ್ಕಿಂತ ಅರ್ಧ ಗಂಟೆ ಮೊದಲು ಏನಾಗುತ್ತಿತ್ತು. ನಾವು ಬರೆದಾಗ ಕಂಡದ್ದು ಇಷ್ಟು. ಜಾಸ್ತಿ ಬರುವುದು ಸಂಜೆ ನಾಲ್ಕರ ಮೇಲೆ, ಅಂದರೆ ದಣಿದಾಗ. ಇಬ್ಬರು ಒಟ್ಟಿಗೆ ಮಾತಾಡಿದಾಗ. ಹಸಿವಾದಾಗ. ಬೇರೆಯವರ ಮುಂದೆ ತಪ್ಪು ತಿದ್ದಿದಾಗ. ಜಖಂ ಆದ ಮಿದುಳಿಗೆ ಸಣ್ಣ ಕೆಲಸಕ್ಕೂ ದುಪ್ಪಟ್ಟು ಶ್ರಮ, ಮತ್ತು ಬೇಡದ ಸದ್ದನ್ನು ಸೋಸಿ ಬಿಡುವ ಶಕ್ತಿ ಕಡಿಮೆ. ಎಲ್ಲ ಸದ್ದೂ ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತದೆ. ಅಣ್ಣನಿಗೆ ಯಕ್ಷಗಾನದ ಆಟ ಅಂದರೆ ಪ್ರಾಣ ಅಂತ ಆರನೇ ತಿಂಗಳಲ್ಲಿ ಬಯಲಾಟಕ್ಕೆ ಕರೆದುಕೊಂಡು ಹೋದೆವು. ಚೆಂಡೆ ಶುರುವಾದ ಐದು ನಿಮಿಷಕ್ಕೆ ಕಿವಿ ಮುಚ್ಚಿ ಕೂಗಿದ, ಪಕ್ಕದಲ್ಲಿ ಕೂತ ಮಗುವನ್ನು ದೂಡಿದ. ತಪ್ಪು ನಮ್ಮದು. ಈಗ ಮನೆಯಲ್ಲಿ ಫೋನಿನಲ್ಲಿ ಸಣ್ಣ ದನಿಯಲ್ಲಿ ಪದ್ಯ ಹಾಕಿ ಕೊಡುತ್ತೇವೆ, ಜೊತೆಗೆ ತಾನೂ ಹೇಳುತ್ತಾನೆ.

ಸಿಟ್ಟು ಏರುವಾಗ ಒಬ್ಬರೇ ಮಾತಾಡಿ, ಉಳಿದವರು ಅಲ್ಲಿಂದ ಏಳಿ. ದನಿ ಇಳಿಸಿ. ಸರಿ ತಪ್ಪು ವಿವರಿಸಬೇಡಿ, ಆಗ ಅದು ಒಳಗೆ ಹೋಗುವುದಿಲ್ಲ. "ಬಾ, ಅಂಗಳಕ್ಕೆ ಹೋಗುವ" ಅಂತ ಜಾಗ ಬದಲಿಸಿ. ಇಳಿದ ಮೇಲೆ ಅವರಿಗೆ ನಾಚಿಕೆ ಆಗಿರುತ್ತದೆ, ಕೆದಕಬೇಡಿ. ಸಂಜೆಯ ಸಿಟ್ಟಿಗೆ ಮಧ್ಯಾಹ್ನದ ನಿದ್ದೆಯೇ ನಮಗೆ ದೊಡ್ಡ ಮದ್ದಾಯಿತು. ಊಟದ ನಂತರ ಮುಕ್ಕಾಲು ಗಂಟೆ, ಅದಕ್ಕಿಂತ ಜಾಸ್ತಿ ಬೇಡ, ರಾತ್ರಿ ನಿದ್ದೆ ಹಾಳಾಗುತ್ತದೆ. ಕತ್ತಿ, ಕೊಡಲಿ ಕಣ್ಣಿಗೆ ಬೀಳದ ಕಡೆ ಇಡಿ. ಕೈ ಎತ್ತಿದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ, ನೆರೆಮನೆಯವರಿಗೆ ಮೊದಲೇ ಹೇಳಿ ಇಟ್ಟಿರಿ. ಕಾಯಿಲೆ ಅಂತ ಪೆಟ್ಟು ತಿನ್ನಬೇಕಾಗಿಲ್ಲ.

ಬಾಯಿಗೆ ಬಂದ ಹಾಗೆ ಮಾತಾಡುವುದು, ಹೆಂಗಸರ ಮುಂದೆ ಹೇಳಬಾರದ್ದನ್ನು ಹೇಳುವುದೂ ಇದೇ ಮುಂಭಾಗದ ಜಖಮ್ಮಿನಿಂದ. "ಅದು ಬೇಡ" ಅಂತ ಎರಡೇ ಮಾತು, ನಗಬೇಡಿ, ಬೈಯಬೇಡಿ.

ಒಂದು ಮಾತ್ರೆಯ ವಿಷಯ ಹೇಳಲೇಬೇಕು. ಪೆಟ್ಟಾದ ಮೇಲೆ ಫಿಟ್ಸ್ ಬಾರದ ಹಾಗೆ ಲೆವೆಟಿರಾಸೆಟಮ್ ಕೊಡುವುದು ತುಂಬಾ ಸಾಮಾನ್ಯ. ಒಳ್ಳೆಯ ಮದ್ದು, ಆದರೆ ಕೆಲವರಿಗೆ ಅದರಿಂದಲೇ ಸಿಟ್ಟು, ಕಿರಿಕಿರಿ ಹೆಚ್ಚಾಗುತ್ತದೆ. ಮಾತ್ರೆ ಶುರುವಾದ ಮೇಲೆ ಸಿಟ್ಟು ಏರಿದ್ದರೆ ಡಾಕ್ಟರಿಗೆ ಹಾಗೆಯೇ ಹೇಳಿ, ಬೇರೆ ಮಾತ್ರೆಗೆ ಬದಲಿಸಲು ಆಗುತ್ತದೆ. ನೀವಾಗಿ ನಿಲ್ಲಿಸಬೇಡಿ, ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಸಿಟ್ಟಿಗೆ ಅಂತ ನಿದ್ದೆ ಮಾತ್ರೆಯನ್ನು ಮೆಡಿಕಲಿನಿಂದ ತಂದು ಕೊಡಲೇಬೇಡಿ. ಮದ್ಯ ಒಂದು ತೊಟ್ಟೂ ಬೇಡ, ಕಳ್ಳೂ ಬೇಡ. ಮೊದಲು ತಡೆಯುತ್ತಿದ್ದಷ್ಟು ಈಗ ತಡೆಯುವುದಿಲ್ಲ, ಫಿಟ್ಸ್ ಬರುವ ಅಪಾಯವೂ ಏರುತ್ತದೆ.

ಸುಮ್ನೆ ಕೂರುವುದರಲ್ಲಿ ಎರಡು ಬಗೆ

ಒಂದು, ಶುರು ಮಾಡುವ ಶಕ್ತಿಯೇ ಹೋಗಿರುವುದು. ದುಃಖ ಇಲ್ಲ, ಚಿಂತೆ ಇಲ್ಲ, ಕೂತಲ್ಲಿ ಕೂತಿರುತ್ತಾರೆ. ಕೈ ಹಿಡಿದು ಎಬ್ಬಿಸಿ "ಬಾ ಹುಲ್ಲು ಹಾಕುವ" ಅಂದರೆ ಬಂದು ಪೂರ್ತಿ ಮಾಡುತ್ತಾರೆ. ಇವರಿಗೆ ಬುದ್ಧಿವಾದ ಬೇಡ, ಎಬ್ಬಿಸುವವರು ಬೇಕು. ಕೆಲಸವನ್ನು ತುಂಡು ಮಾಡಿ ಒಂದೊಂದಾಗಿ ಹೇಳಿ.

ಇನ್ನೊಂದು ಖಿನ್ನತೆ. ಅಳು, ನಿದ್ದೆ ಇಲ್ಲದಿರುವುದು, ಊಟ ಬೇಡ ಅನ್ನುವುದು, "ನನ್ನಿಂದ ನಿಮಗೆಲ್ಲ ಕಷ್ಟ" ಅನ್ನುವುದು. ತಲೆಪೆಟ್ಟಿನ ನಂತರ ಇದು ತುಂಬಾ ಜನರಿಗೆ ಬರುತ್ತದೆ, ಮತ್ತು ಸುಧಾರಿಸುತ್ತಿರುವಾಗಲೇ ಬರುವುದು ಜಾಸ್ತಿ. ಯಾಕೆಂದರೆ ಮೊದಲು "ನನಗೆ ಎಂತ ಆಗ್ಲಿಲ್ಲ" ಅನ್ನುತ್ತಿದ್ದವರಿಗೆ ಆಗಲೇ ಏನು ಕಳೆದುಕೊಂಡೆ ಅಂತ ಕಾಣಲು ಶುರುವಾಗುವುದು. ಡೆನ್ಮಾರ್ಕಿನಲ್ಲಿ ಇಡೀ ದೇಶದ ದಾಖಲೆ ನೋಡಿ 2018ರಲ್ಲಿ ಬಂದ ಅಧ್ಯಯನದಲ್ಲಿ, ತಲೆಪೆಟ್ಟು ಆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಕಂಡಿತು. ಸಾಯುವ ಮಾತು ಒಂದು ಸಲ ಬಂದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ನೇರವಾಗಿ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ, ಮೈಲುತುತ್ತು ಎಲ್ಲ ಕೈಗೆ ಸಿಗುವ ಹಾಗೆ ಇರುತ್ತದೆ. ಇವತ್ತೇ ಬೀಗ ಹಾಕಿ, ಕೀಲಿ ಮನೆಯಲ್ಲಿ ಇಡಬೇಡಿ. ಒಬ್ಬರನ್ನೇ ಬಿಡಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. 14416 ಅನ್ನುವುದು ಸರ್ಕಾರದ ಟೆಲಿ ಮಾನಸ್ ನಂಬರು, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೂ ಮಾತಾಡಬಹುದು. ಖಿನ್ನತೆಗೆ ಮದ್ದು ಉಂಟು, ಕೆಲಸವೂ ಮಾಡುತ್ತದೆ, ಆದರೆ ಎಲ್ಲ ಮದ್ದೂ ಪೆಟ್ಟಾದ ತಲೆಗೆ ಆಗುವುದಿಲ್ಲ, ಕೆಲವು ಫಿಟ್ಸ್ ತರಿಸುತ್ತವೆ. ಹಾಗಾಗಿ ಹೋದ ಕಡೆಯಲ್ಲೆಲ್ಲ ತಲೆಗೆ ಪೆಟ್ಟಾದ ಸಂಗತಿ ಮೊದಲೇ ಹೇಳಿ.

ಕೆಲವರಿಗೆ ಯಾರೋ ಕರೆದ ಹಾಗೆ ಕೇಳಿಸುವುದು, ಯಾರೋ ವಿಷ ಹಾಕುತ್ತಾರೆ ಅನ್ನುವ ಸಂಶಯ ಬರುವುದು ಉಂಟು. ಕಡಿಮೆ, ಆದರೆ ಉಂಟು. ನಮ್ಮಲ್ಲಿ ಆಗ ಪ್ರೇತಬಾಧೆ ಅಂತ ಹೇಳುವವರು ಬರುತ್ತಾರೆ. ಅಮ್ಮ ಮಧೂರು ಗಣಪತಿಗೆ ಹರಕೆ ಹೇಳಿಕೊಂಡರು, ಅಮ್ಮನಿಗೆ ಅದರಿಂದ ಸಮಾಧಾನ ಆಯಿತು, ನಾವು ಯಾರೂ ಬೇಡ ಅನ್ನಲಿಲ್ಲ. ಮಾತ್ರೆ ನಿಲ್ಲಿಸಿ, ಉಪವಾಸ ಕೂರಿಸಿ, ಹೊಡೆಯಿರಿ ಅನ್ನುವವರನ್ನು ಮಾತ್ರ ಅಂಗಳದಿಂದಲೇ ಕಳಿಸಿ.

ಇವನ್ನು ಕಂಡರೆ ಕಾಯಬೇಡಿ

ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಒಂದು ಕಡೆಯ ಕೈಕಾಲು ಸೋಲುವುದು, ಮೂಗು ಕಿವಿಯಿಂದ ನೀರಿನಂಥದ್ದು ಇಳಿಯುವುದು: 108ಕ್ಕೆ ಫೋನ್ ಮಾಡಿ. ತಿಂಗಳುಗಳ ನಂತರ ನಡಿಗೆ ಮತ್ತೆ ಕೆಡುತ್ತಾ, ಮೂತ್ರ ತಡೆಯಲಾಗದೆ, ಮರೆವು ಹೆಚ್ಚಾದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು, ಆಪರೇಷನ್ನಿನಿಂದ ಸರಿ ಮಾಡಬಹುದು. ವಯಸ್ಸಾದವರ ಮನೆಗಳಿಗೆ ಬೇರೆಯೇ ಮಾತು: ಬಚ್ಚಲಲ್ಲಿ ಸಣ್ಣಗೆ ಜಾರಿ ತಲೆ ತಾಗಿದರೂ, ಮುಖ್ಯವಾಗಿ ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ, ರಕ್ತ ನಿಧಾನಕ್ಕೆ ಜಿನುಗಿ ಮೂರು ನಾಲ್ಕು ವಾರದ ಮೇಲೆ ಗಲಿಬಿಲಿ, ತೂಕಡಿಕೆ ಶುರುವಾಗುತ್ತದೆ. ಅರಳುಮರಳು ಅಂತ ಬಿಟ್ಟುಬಿಡುತ್ತಾರೆ. ಸ್ಕ್ಯಾನ್ ಮಾಡಿಸಿ.

ಪ್ರಜ್ಞೆ ತಪ್ಪದ ಸಣ್ಣ ಪೆಟ್ಟಿಗೂ ಒಂದೆರಡು ದಿನ ವಿಶ್ರಾಂತಿ ಬೇಕು, ಆಮೇಲೆ ನಿಧಾನವಾಗಿ ಕೆಲಸ. ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಒಳ್ಳೆಯದು ಮಾಡುವುದಿಲ್ಲ. ಜಾಸ್ತಿ ಜನ ಮೂರು ತಿಂಗಳ ಒಳಗೆ ಸರಿಯಾಗುತ್ತಾರೆ.

ವಾಸನೆ ಗೊತ್ತಾಗುತ್ತದಾ ಅಂತ ಕಾಫಿಪುಡಿ ಹಿಡಿದು ನೋಡಿ. ಮೂಗಿನ ಮೇಲ್ಭಾಗದ ಸಣ್ಣ ನರಗಳು ಬಿದ್ದ ಹೊಡೆತಕ್ಕೆ ಹರಿದಿರಬಹುದು. ಹರಿದಿದ್ದರೆ ಗ್ಯಾಸ್ ಸೋರಿದ್ದು, ಅನ್ನ ಹಳಸಿದ್ದು ಅವರಿಗೆ ತಿಳಿಯುವುದಿಲ್ಲ, ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಗಳಿವೆ, ತಲೆಪೆಟ್ಟು ಅಂತಲೇ ಬೇರೆ ಹೆಸರಿಲ್ಲ. ಏನು ಉಳಿದಿದೆಯೋ ಅದರ ಮೇಲೆ, ಮಾನಸಿಕ ಕಾಯಿಲೆ, ಮಾತಿನ ತೊಂದರೆ, ಕೈಕಾಲಿನ ತೊಂದರೆ ಅಂತ ನೋಡುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೌಲಭ್ಯಗಳಿಗೆ ದಾರಿ. ಅಲ್ಲಿಯೂ ಕನ್ನಡದಲ್ಲಿ ಆದ ಪರೀಕ್ಷೆಯ ರಿಪೋರ್ಟು ಇಟ್ಟುಕೊಂಡು ಹೋಗಿ. ವಾಹನ ಅಪಘಾತವಾಗಿದ್ದರೆ ಆರು ತಿಂಗಳ ಒಳಗೆ ಪರಿಹಾರದ ಅರ್ಜಿ ಹಾಕಿಬಿಡಿ, ವಕೀಲರಿಗೆ ಮೂಳೆ ಮುರಿದದ್ದಷ್ಟೇ ಅಲ್ಲದೆ ನೆನಪು, ಗುಣ ಬದಲಾದದ್ದನ್ನೂ ಹೇಳಿ, ಆ ರಿಪೋರ್ಟನ್ನೂ ಕೊಡಿ. ಕೇರಳದ ಪಂಚಾಯತುಗಳಲ್ಲಿ ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳಲು ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಇರುತ್ತಾರೆ. ಅದು ಕ್ಯಾನ್ಸರಿನವರಿಗೆ ಮಾತ್ರ ಅಂತ ನಾವು ತಿಳಿದಿದ್ದೆವು, ಹಾಗೇನೂ ಇಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ.

ನೋಡಿಕೊಳ್ಳುವವರು, ಮತ್ತೆ ಕೆಲಸ

ಅತ್ತಿಗೆ ಒಂದು ದಿನ ನನ್ನ ಹತ್ತಿರ ಹೇಳಿದರು, "ಅವರು ಬದುಕಿದ್ದಾರೆ, ಆದರೆ ನನ್ನ ಗಂಡ ಎಲ್ಲಿ ಹೋದರು ಅಂತ ಗೊತ್ತಾಗುವುದಿಲ್ಲ." ಅದನ್ನು ಹೇಳಿದ್ದಕ್ಕೇ ಅವರಿಗೆ ಪಾಪ ಮಾಡಿದ ಹಾಗೆ ಅನಿಸಿತ್ತು. ನಿಮ್ಮ ಮನೆಯಲ್ಲೂ ಒಬ್ಬರಿಗೆ ಹೀಗೆ ಅನಿಸುತ್ತಿರುತ್ತದೆ, ಜಾಸ್ತಿಯಾಗಿ ಹೆಂಡತಿಗೆ ಅಥವಾ ತಾಯಿಗೆ. ಅವರನ್ನು ವಾರಕ್ಕೆ ಒಂದು ದಿನ ಪೂರ್ತಿ ಬಿಡಿಸಿ. ಸಹಾಯ ಬೇಕಾ ಅಂತ ಕೇಳಿದರೆ ಬೇಡ ಅನ್ನುತ್ತಾರೆ. ನಾನು ಭಾನುವಾರ ಬೆಳಿಗ್ಗೆ ಬಂದು ಕೂರುತ್ತೇನೆ, ಅವರು ತವರಿಗೆ ಹೋಗುತ್ತಾರೆ. ಡಾಕ್ಟರ ಹತ್ತಿರ ಹೋದಾಗ ಅತ್ತಿಗೆ ಐದು ನಿಮಿಷ ಒಬ್ಬರೇ ಒಳಗೆ ಮಾತಾಡುತ್ತಾರೆ, ಅಣ್ಣನ ಮುಂದೆ ಹೇಳಲಾಗದ್ದು ಇರುತ್ತದಲ್ಲ.

ವೇಗವಾಗಿ ಸುಧಾರಿಸುವುದು ಮೊದಲ ಆರು ತಿಂಗಳು. ಎರಡು ವರ್ಷದ ತನಕವೂ ಕಾಣುವ ಹಾಗೆ ಬದಲಾವಣೆ ಆಗುತ್ತದೆ, ಆಮೇಲೂ ನಿಧಾನಕ್ಕೆ. ಅಣ್ಣನಿಗೆ ಈಗ ಒಂದೂವರೆ ವರ್ಷ. ಮರ ಹತ್ತುವ ಹಾಗಿಲ್ಲ. ಬೈಕ್ ಡಾಕ್ಟರು ಬರೆದು ಕೊಡುವ ತನಕ ಇಲ್ಲ, ಕೀಲಿ ನನ್ನ ಹತ್ತಿರ. ಕೇಳುತ್ತಾನೆ ದಿನಾ, ದಿನಾ ಪುಸ್ತಕ ತೋರಿಸುತ್ತೇವೆ, ಅಲ್ಲಿ ಅವನದೇ ಅಕ್ಷರದಲ್ಲಿ "ಬೈಕ್, ಡಾಕ್ಟರು ಹೇಳಿದ ಮೇಲೆ" ಅಂತ ಬರೆದದ್ದು ಉಂಟು.

ಕೆಲಸಕ್ಕೆ ಮರಳಿಸುವಾಗ ಅವರಿಗೆ ಮೊದಲೇ ಗೊತ್ತಿದ್ದ, ಕೂತು ಮಾಡುವ, ತಪ್ಪಿದರೆ ನಷ್ಟವಾಗದ ಕೆಲಸ ಹುಡುಕಿ. ನಾವು ಸುಲಿದ ಅಡಿಕೆ ಹೆಕ್ಕಿ ಬೇರೆ ಮಾಡಲು ಕೊಟ್ಟೆವು, ಒಳ್ಳೆಯದು ಒಂದು ಕಡೆ, ಕಡಿಮೆ ದರ್ಜೆಯವಾದ ಪಟೋರ ಒಂದು ಕಡೆ, ಕೋಕ ಒಂದು ಕಡೆ. ಮೊದಲು ಹದಿನೈದು ನಿಮಿಷ, ಫೋನಿನಲ್ಲಿ ಅಲಾರಂ ಇಟ್ಟು, ಚೆನ್ನಾಗಿ ಆಗುತ್ತಿರುವಾಗಲೇ ನಿಲ್ಲಿಸುವುದು. ಎರಡು ವಾರಕ್ಕೊಮ್ಮೆ ಐದು ನಿಮಿಷ ಜಾಸ್ತಿ. ಶುರುವಿನಲ್ಲಿ ಎರಡೇ ರಾಶಿ, ಅದು ತಪ್ಪದೆ ಬಂದ ಮೇಲೆ ಮೂರನೆಯದು. ಈಗ ಮಧ್ಯಾಹ್ನದ ಊಟದ ತನಕ ಕೂರುತ್ತಾನೆ, ನಡುವೆ ಎರಡು ಸಲ ಎದ್ದು ನೀರು ಕುಡಿದು ಬರುತ್ತಾನೆ. ಅವನು ಮಾಡಿದ ರಾಶಿಯನ್ನು ಅಮ್ಮ ಮೊದಮೊದಲು ಅವನು ಮಲಗಿದ ಮೇಲೆ ಇನ್ನೊಮ್ಮೆ ನೋಡುತ್ತಿದ್ದರು. ಹೋದ ತಿಂಗಳಿನಿಂದ ನೋಡುವುದನ್ನು ಬಿಟ್ಟಿದ್ದಾರೆ.